ತಗ್ಗು

ಸೀಗೆಹಟ್ಟಿಯ ತಿರುವಿನಲ್ಲಿ ನನ್ನ ಅಂಗಡಿ.
ಕೊಡಪಾನ, ಹಂಡೆ, ಸ್ಟೌ.
ಮದುವೆ ಸೀಸನ್ನು ಬಂತೆಂದರೆ
ಬ್ಯಾಂಡ್‌ಸೆಟ್ಟಿನವರ ಪೀಪಿಗಳು.

ಯಾವ ತಗ್ಗು ಯಾವ ಊರಿನದೆಂದು ಮುಟ್ಟಿ ಹೇಳಬಲ್ಲೆ:
ಇದು ಹೊಳೆಹೊನ್ನೂರು, ದಿಬ್ಬಣದ ಲಾರಿ ಹಿಂದೆ ಸರಿದದ್ದು.
ಇದು ಆಯನೂರು, ಕುಡಿದ ಬೀಗರೊಬ್ಬರು
ತಾವೇ ಊದುತ್ತೇನೆಂದು ಕಸಿದದ್ದು.
ಇದು ದುಡ್ಡು ಹಂಚುವಾಗ
ಅವರವರೇ ಬಡಿದಾಡಿಕೊಂಡದ್ದು. ಊರಿನ ಹೆಸರು ಬೇಡ.

ಇನಾಸಪ್ಪ ತಂದದ್ದು ದೊಡ್ಡ ಯೂಫೋನಿಯಂ,
ಮಿಂದ ಕೂಸಿನ ಹಾಗೆ ಟವೆಲಿನಲ್ಲಿ ಸುತ್ತಿ.
"ಎಲ್ಲಾ ತೆಗಿ ಮಾರಾಯ. ಇದೊಂದು ಬಿಡು,"
ಅದರ ಹೊಟ್ಟೆಯ ಮಗ್ಗುಲಿಗೆ ಬೆರಳಿಟ್ಟ.
ಯಾಕೆಂದೆ.
ಬೀಡಿ ಹಚ್ಚಿದ, ನನ್ನ ಬೆಂಕಿಪೊಟ್ಟಣ ಜೇಬಿಗಿಳಿಸಿದ.
"ಅಪ್ಪನ ಬೆಲ್ಟಿನ ಬಕಲು ಉಜ್ಜೀ ಉಜ್ಜೀ ಆದದ್ದು.
ನಂದೂ ಅಲ್ಲೇ ಕೂರುತ್ತೆ."

ನಿನ್ನೆ ರಾತ್ರಿ ಮೆರವಣಿಗೆ ಹೋಯಿತು:
ಜನರೇಟರ್ ಗಾಡಿ, ಟ್ಯೂಬ್‌ಲೈಟು ಹೊತ್ತ ಹುಡುಗರು,
ಹನ್ನೊಂದು ಕೆಂಪು ಕೋಟು, ಕೆಳಗೆ ಹವಾಯಿ ಚಪ್ಪಲಿ.
ನಾನು ಬಡಿದು ಕೊಟ್ಟವೆಲ್ಲ ನೆಟ್ಟಗೆ ನುಡಿದವು,
ಯಾವುದು ಯಾರದೆಂದು ಗುರುತು ಹತ್ತದ ಹಾಗೆ.
ಒಂದು ಮಾತ್ರ
ಕೆಳಗಿನ ಷಡ್ಜದಲ್ಲಿ
ಕೂದಲೆಳೆಯಷ್ಟು ಜಾರಿತು.

ಒಳಗಿಂದ ಮಗಳು,
"ಅಪ್ಪಾ, ಒಂದು ರಿಪೇರಿ ಬಿಟ್ಟಿದೀಯ."
ಹ್ಞೂಂ ಅಂದೆ.
ಶಟರು ಅರ್ಧಕ್ಕೇ ನಿಂತಿತ್ತು.