ಹಸಿರು ವೈರು

ಭೋಸರಿಯ ನಮ್ಮ ಶೆಡ್ಡಿನಾಗ
ಸ್ವಿಚ್‌ಬೋರ್ಡ್ ಜೋಡಸತೀವಿ ಹದಿನೇಳು ಹೆಂಗಸರು.
ಸೋಮವಾರ ಸಂಸ್ಥೆಯ ಬಾಯಿ ಒಬ್ಬಾಕೀನ್ನ ಕರಕೊಂಡು ಬಂದ್ರು:
ಮಹಾನಂದಾತಾಯಿ, ಮೂರು ವಾರ ಕಲಸ್ರಿ,
ಆಮ್ಯಾಲೆ ನಿಮ್ಮ ಲೈನಿನಾಗೇ ಇರಲಿ.

ಹೆಸರು ಜರ್ಘೂನಾ. ಊರು ಘಜನಿ.
ಎಂಟು ವರ್ಷ ಹುಡುಗ್ಯಾರಿಗೆ ಗಣಿತ ಹೇಳಿದಾಕಿ.
ಆ ಸಾಲಿಗೆ ಈಗ ಕೀಲಿ, ಅಂದಳು ಅರ್ಧಮರ್ಧ ಹಿಂದಿಯೊಳಗ,
ಗಾಳಿಯೊಳಗ ಬೆರಳು ತಿರುವಿ.

ಸ್ಕ್ರೂಡ್ರೈವರ್ ಹಿಡಿದದ್ದು ಸೀಮೆಸುಣ್ಣ ಹಿಡಿದಂಗ.
ಬೈಲಿಲ್ಲ ನಾನು.
ಇಂಡಿಯಿಂದ ಬಂದಾಗ ನನ್ನ ಕೈಗೂ
ರೊಟ್ಟಿ ಬಡಿಯೂದಷ್ಟೇ ಗೊತ್ತಿತ್ತು.
"ಕಾನಡಿ, ಕಾನಡಿ" ಅಂತ ನಕ್ಕವರು ಇವರೇ,
ಈಗ ನನ್ನ ಶೇಂಗಾ ಹಿಂಡಿಗೆ ಕೈ ಚಾಚತಾರ.

ಕೆಂಪು ಜೀವಂತ, ಮುಟ್ಟಬ್ಯಾಡ.
ಕರಿ ಹೊಳ್ಳಿ ಹೋಗೂದು.
ಹಸಿರು ಮಣ್ಣಿಗೆ. ಅರ್ಥಿಂಗ್.
ಅರ್ಥ? ಅಂದಳು.
ಅರ್ಥನೇ ಅಂತ ತಿಳಕೋ. ಅದಿಲ್ಲದನೂ
ದೀಪ ಉರೀತಾವ, ಫ್ಯಾನ್ ತಿರಗತಾವ,
ಒಂದಿನ ಯಾರಿಗೋ ಹೊಡೀತದ.
ಆಕಿ ವೈರು ಕೈಯಾಗ ಹಿಡಿದು ಭಾಳ ಹೊತ್ತು ನೋಡಿ,
ಜರ್ಘೂನಾ ಅಂದ್ರ ನಮ್ಮಲ್ಲಿ ಹಸಿರು, ಅಂದಳು.

ಮೂರು ವಾರ ಆತು. ಪಾಳಿಗೆ ಅರವತ್ತು ಬೋರ್ಡು,
ರಿಜೆಕ್ಟ್ ಒಂದೂ ಇಲ್ಲ.
ಆಫೀಸಿನ ಪೋರ ಕಂಪ್ಯೂಟರಿನಾಗ
ಹನ್ನೆರಡು ಖಾಲಿ ಚೌಕ ತೋರಿಸಿದ:
ಆಧಾರ್ ತುಂಬದ ಹೆಸರು ಮುಂದ ಹೋಗಂಗಿಲ್ಲ, ತಾಯಿ.
ಆಕಿ ತನ್ನ ನೀಲಿ ಕಾರ್ಡು ಮುಂದಿಟ್ಟಳು.
ಅದರ ಮ್ಯಾಲಿನ ಅಂಕಿ ಎಣಿಸಿದ, ಮತ್ತ ಎಣಿಸಿದ.
ಚೌಕಕ್ಕ ಕೂಡಲಿಲ್ಲ.

ಶೇಟಜೀ, ಅಂದೆ, ದೊಡ್ಡ ದನಿಲೆ ಅಲ್ಲ,
ಹತ್ತೊಂಬತ್ತು ವರ್ಷದಾಗ ನಿಮ್ಮನ್ನ ಏನೂ ಕೇಳಿಲ್ಲ.
ಅವರು ಫೋನ್ ನೋಡಿದರು. ನೋಡೂಣು, ಅಂದರು.
ನೋಡೂಣು ಅಂದ್ರ ಎಷ್ಟು ದಿನ?
ಜರ್ಘೂನಾ ಕೇಳಿದಳು. ಲೆಕ್ಕದಾಕಿ.
ನನಗ ಹೇಳಾಕ ಬರಲಿಲ್ಲ.

ಅಲ್ಲೀತನಕ ವೋಚರಿನ ಮ್ಯಾಲೆ ಪಗಾರ.
ಅಲ್ಲೀತನಕ ಊಟದ ಹೊತ್ತಿಗೆ ಆಕಿ
ಕಿಡಕಿ ಕಡೆ ಮುಖ ಮಾಡಿ ಒಬ್ಬಾಕೀನೇ...

ಇಲ್ಲ, ನಿನ್ನೆ ಹಂಗಾಗಲಿಲ್ಲ.
ಕುಸುಮಳ ಮಗಳು ಭಿನ್ನರಾಶಿಯೊಳಗ ನಪಾಸಂತ,
ವಹಿ ತಂದಿದ್ದಳು ಕುಸುಮ, ಸುಮ್ಮನ ಆಕಿ ಮುಂದ ಇಟ್ಟಳು.
ಜರ್ಘೂನಾ ನನ್ನ ಡಬ್ಬಿಯ ಜ್ವಾಳದ ರೊಟ್ಟಿ ಎತ್ತಿ
ಮುರಿದಳು: ಇದು ಅರ್ಧ. ಇದು ಕಾಲು.
ಹದಿನೇಳು ಮಂದಿ ಸುತ್ತ ಬಗ್ಗಿ ನಿಂತ್ರು.
ಅರ್ಧಕ್ಕ ಕಾಲು ಕೂಡಿಸು, ಅರಪಾವು ಕಳಿ,
ಉಳಿದದ್ದು ಇಕಿ ಬಾಯಿಗೆ, ಆಕಿ ಬಾಯಿಗೆ.

ಲೆಕ್ಕ ಮುಗಿಯೂದರಾಗ ಸೈರನ್ ಆತು.
ಡಬ್ಬಿಯೊಳಗ ಬರೇ ಹಿಂಡಿ.
ಹಸಕೊಂಡೇ ಲೈನಿಗೆ ನಿಂತೆ.