ಹತ್ತೋ ಹದಿನೈದೋ

ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲು, ಮಾರ್ಚಿನ ಕೊನೆಯ ವಾರ.
ಬಾಗಿಲಲ್ಲಿ ನನ್ನ ಚಪ್ಪಲಿ,
ಕೈಯಲ್ಲಿ ಟೇಪು, ಲೆಕ್ಕದ ಹಾಳೆ.
ಆಡಿಟರು ಹೇಳಿ ಕಳಿಸಿದ್ದು ಇಷ್ಟೇ:
'ಕಿತ್ತು ನೋಡು, ಮನಸ್ಸಿನಲ್ಲೇ.
ಕಿತ್ತರೂ ಚಾವಣಿ ನಿಂತರೆ ಯಂತ್ರ,
ಕುಸಿದರೆ ಕಟ್ಟಡ.'
ಯಂತ್ರಕ್ಕೆ ನೂರಕ್ಕೆ ಹದಿನೈದು ಸವಕಳಿ,
ಕಟ್ಟಡಕ್ಕೆ ಹತ್ತು.

ಹಯಾತ್ ಸಾಬರು ಚಹಾ ತರಿಸಿದರು.
'ಎಲ್ಲಾ ಹದಿನೈದಕ್ಕೇ ಹಾಕ್ರಿ ಮೇಡಂ,
ಬೆಂಕಿ ಮುಟ್ಟಿದ್ದೆಲ್ಲಾ ಮಶೀನೇ ಅಲ್ಲೇನು?'

ಸರಿ, ಕೀಳತೊಡಗಿದೆ.
ಕಬ್ಬಿಣದ ಬಾಣಲೆ ಬಂತು, ಸಲೀಸಾಗಿ. ಹದಿನೈದು.
ಜರಡಿ, ಮೋಟಾರು, ಹೊಟ್ಟು ಊದುವ ಫ್ಯಾನು, ಬಂದವು.
ಒಲೆಯ ಇಟ್ಟಿಗೆ ಕೊಂಚ ಹಟ ಮಾಡಿ ಬಂತು,
ಜತೆಗೆ ಮರಳು, ಮರಳಿನ ಜತೆ
ಅರಳದೇ ಉಳಿದ ನಾಲ್ಕು ಅಕ್ಕಿಕಾಳು.
ಚಿಮಣಿಗೆ ಕೈ ಹಾಕಿದೆ ನೋಡಿ,
ಅಲ್ಲೇ ಸಿಕ್ಕಿಬಿದ್ದೆ.
ಅದರ ಹೆಗಲ ಮೇಲೆ ತೊಲೆ ಕೂತಿದೆ,
ತೊಲೆಯ ಮೇಲೆ ತಗಡು,
ತಗಡಿನ ಮೇಲೆ ಪಕ್ಕದ ಭಟ್ಟಿಯ ಬೆಕ್ಕು.
ಹೊಗೆ ಉಗುಳುವ ಕೆಲಸಕ್ಕೆ ಯಂತ್ರ,
ಹೊರೆ ಹೊರುವ ಕೆಲಸಕ್ಕೆ ಕಟ್ಟಡ;
ಒಂದೇ ಮೈ, ಎರಡು ಕಾಲಮ್ಮು.

'ಹಿಂಗ್ಯಾಕೆ ಕಟ್ಟಿದ್ರಿ?' ಅಂದೆ.
'ನಮ್ಮಪ್ಪ ಕಟ್ಟಿದ್ದು. ದುಡ್ಡು ಸಾಲಲಿಲ್ಲ,
ಕಂಬಕ್ಕೆ ಬೇರೆ ಇಟ್ಟಿಗೆ ಎಲ್ಲಿಂದ ತರೋದು?'
ಈ ಉತ್ತರಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.

ಚಿಮಣಿಯ ಬುಡದಲ್ಲೊಂದು ತಗ್ಗು.
ಮಾಬುಬಿ ಮೂಟೆ ಹೊಲಿಯುವಾಗ
ಬೆನ್ನು ಕೊಟ್ಟು ಕೂರುವ ಜಾಗ,
ಗಾರೆ ಹೋಗಿ ಇಟ್ಟಿಗೆ ಹೊಳೆಯುತ್ತಿದೆ.
ಟೇಪು ಹಿಡಿದೆ: ಅರ್ಧ ಇಂಚು,
ಇಪ್ಪತ್ತೆಂಟು ವರ್ಷಕ್ಕೆ.
ನನ್ನ ಈ ಹತ್ತು ವರ್ಷದ ಕೆಲಸದಲ್ಲಿ
ಸವಕಳಿ ಅನ್ನುವುದನ್ನು ಕಣ್ಣಾರೆ ಕಂಡದ್ದು
ಅದೊಂದೇ ಸಲ.
'ಗೋಡೆ ಸವೆದಿದ್ದು ಬರಕೊಂಡ್ರಿ,
ಬೆನ್ನು?' ಅಂದಳು ಮಾಬುಬಿ.
ನಕ್ಕಳು, ದಬ್ಬಳಕ್ಕೆ ದಾರ ಪೋಣಿಸಿದಳು.
ನಾನು ಅಲ್ಲೇ ಕೂತು ಒಂದು ಹಿಡಿ ಮಂಡಕ್ಕಿ ತಿಂದೆ,
ಬಿಸಿಯಾಗಿತ್ತು, ಉಪ್ಪಿರಲಿಲ್ಲ.

ಮಂಡಿಪೇಟೆಯ ಆಫೀಸಿಗೆ ಬಂದು
ಪೆನ್ಸಿಲ್ಲಿನಲ್ಲಿ ಬರೆದೆ: ಚಿಮಣಿ, ಕಟ್ಟಡ, ಹತ್ತು.
ಅಳಿಸಿದೆ. ಹದಿನೈದು.
ಮತ್ತೆ ಹತ್ತು.
ಹಾಳೆ ಅಲ್ಲಿ ತೆಳ್ಳಗಾಗಿ
ಆ ಕಡೆಯ ಬೆಳಕು ಕಾಣತೊಡಗಿತು.

ಆಡಿಟರು ಕನ್ನಡಕ ಸರಿಸಿ ನೋಡಿದರು,
ಹಾಳೆಯನ್ನಲ್ಲ:
'ಏನಮ್ಮಾ, ಬೆನ್ನೆಲ್ಲಾ ಮಸಿ?'

ಒರಗಿದ್ದು ನನಗೆ ನೆನಪೇ ಇರಲಿಲ್ಲ.