ಹನ್ನೆರಡು ಹೆಸರಿನ ಹಾಳೆ

ನಾಳೆ ಹತ್ತು ಗಂಟೆಗೆ ಮಾಲೀಕರ ಮೇಜಿಗೆ ಪಟ್ಟಿ ಹೋಗಬೇಕು.
ಹನ್ನೆರಡು ಹೆಸರು, ಮೇಲಿಂದ ಕೆಳಕ್ಕೆ.
ಕೊನೆಯ ಇಬ್ಬರಿಗೆ ಮಾರ್ಚ್ ತಿಂಗಳ ಸಂಬಳವಿಲ್ಲ.

ಪಾನೆವೆಝೀಸಿನಲ್ಲಿ ಐದಕ್ಕೇ ಕತ್ತಲು.
ಹೊರಗೆ ನದಿ ಗಟ್ಟಿಯಾಗಿ ಮಲಗಿದೆ.
ಒಳಗೆ, ಕ್ರೀಡಾಂಗಣದ ನೆಲಮಾಳಿಗೆಯಲ್ಲಿ,
ಬಟ್ಟೆ ಒಗೆಯುವ ಯಂತ್ರದ ಪಕ್ಕ ನನ್ನ ಕುರ್ಚಿ.
ಇಡೀ ಕಟ್ಟಡದಲ್ಲಿ ಬೆಚ್ಚಗಿರುವ ಕೋಣೆ ಇದೊಂದೇ.

ಮೊದಲು ಝಿಗಿಮಾಂತಾಸ್ ಎಂದು ಬರೆದೆ.
ದೂರದಿಂದ ಎಸೆಯುವುದರಲ್ಲಿ ಎತ್ತಿದ ಕೈ;
ಕೊನೆಯ ನಿಮಿಷದಲ್ಲಿ ಕೈಕೊಡುವುದೂ
ಅದೇ ಕೈ.
ಹೊಡೆದು ಹಾಕಿ, ಎರಡು ಎಂದೆ.
ಹಾಗಾದರೆ ಒಂದು, ಟೆರೆಲ್, ಒಹಾಯೋದವನು.
ಜಿಗಿದರೆ ಎದುರಾಳಿಗೆ ಅವನ ಬೂಟಿನ ತಳದ ನಂಬರು ಕಾಣುತ್ತದೆ.
ಚೆಂಡು ಕಳೆದುಕೊಂಡು ಹಿಂದಕ್ಕೆ ಓಡುವಾಗ ಮಾತ್ರ
ಬಾಡಿಗೆ ಬಾಕಿ ಇರುವವನು ಮನೆಯ ಮೆಟ್ಟಿಲು ಹತ್ತಿದ ಹಾಗೆ.
ಇರಲಿ. ಒಂದು.

ಐಮಾಂತಾಸ್: ಎರಡು ಮೀಟರ್ ಹದಿಮೂರು,
ಮೆತ್ತನೆ ಬೆರಳು, ಮೆತ್ತನೆ ಮನಸ್ಸು.
ಬುಟ್ಟಿಯ ಕೆಳಗೆ ತಾನೇ ಮೊಣಕೈ ಏಟು ತಿಂದು
ತಾನೇ ಕ್ಷಮೆ ಕೇಳುತ್ತಾನೆ.
ಇದನ್ನು ಬಲದ ಮನೆಯಲ್ಲಿ ತುಂಬಲೋ,
ದೌರ್ಬಲ್ಯದ ಮನೆಯಲ್ಲೋ?

ತಕ್ಕಡಿಯಲ್ಲಿ ಕಪ್ಪೆ ತೂಗುವ ಕೆಲಸ.
ಒಂದನ್ನು ಕೂರಿಸಿದರೆ ಇನ್ನೊಂದು ನೆಗೆಯುತ್ತದೆ.
ಅದೂ ಇವು, ನೆಗೆಯಲೆಂದೇ ಸಂಬಳ ಪಡೆಯುವ ಕಪ್ಪೆಗಳು.

ಜೆನೊವೈತೆ ಅಂಗಿ ಮಡಿಸುತ್ತಿದ್ದಳು.
ಮೂವತ್ತೊಂದು ವರ್ಷ ಈ ತಂಡದ ಬೆವರು ಒಗೆದವಳು,
ಆಟ ನೋಡಿದ್ದು ಎರಡೋ ಮೂರೋ ಸಲ.
'ಕೆಳಗೆ ಯಾರನ್ನು ಹಾಕಿದೆ?'
ಹನ್ನೊಂದು, ರಿಮ್ವಿದಾಸ್, ಎಂದೆ. ವಯಸ್ಸು ಮೂವತ್ತನಾಲ್ಕು.
ನಿಧಾನ. ಪಂದ್ಯಕ್ಕೆ ಎರಡೂವರೆ ಅಂಕ.

ಅವಳು ತನ್ನ ಬುಟ್ಟಿಗೆ ಕೈ ಹಾಕಿ
ಹದಿನಾಲ್ಕನೇ ನಂಬರಿನ ಚಡ್ಡಿ ತೆಗೆದು ದೀಪಕ್ಕೆ ಹಿಡಿದಳು.
ಸೊಂಟದ ಎರಡೂ ಪಕ್ಕ, ನೆಲದ ಮೇಣ ಉಜ್ಜಿದ ಕಂದು ಗೆರೆ.
'ಇದು ಹೋಗಲ್ಲ. ಉಪ್ಪು ಹಾಕಿದೆ, ಸೋಡಾ ಹಾಕಿದೆ.
ಉಳಿದವರದು ಬರೀ ಬೆವರು, ನೀರು ಕಂಡರೆ ಬಿಡುತ್ತದೆ.
ಇವನೊಬ್ಬ ಚೆಂಡಿನ ಹಿಂದೆ ಬೀಳುತ್ತಾನೆ.'
ಆಮೇಲೆ, ನನ್ನ ಒಂದನೆಯವನ ಚಡ್ಡಿ:
ಹೋದ ವಾರ ಅವಳು ಹಾಕಿದ ಇಸ್ತ್ರಿಯ ಗೆರೆ
ಇನ್ನೂ ಹಾಗೇ ಇತ್ತು.

ಬೀಳುವುದಕ್ಕೆ ನನ್ನ ಹಾಳೆಯಲ್ಲಿ ಮನೆಯೇ ಇರಲಿಲ್ಲ.

ನಾನೂ ಒಮ್ಮೆ ಇಂಥ ಹಾಳೆಯಲ್ಲಿದ್ದೆ.
ಉತೆನಾದಲ್ಲಿ, ತೊಂಬತ್ತೇಳರ ಚಳಿಗಾಲ,
ತರಬೇತುದಾರ ಬಸ್ಸಿನ ಸೀಟಿನ ಮೇಲೆ ಮರೆತ ಕಾಗದ:
'ಬಲ: ಎಡಗೈ.
ದೌರ್ಬಲ್ಯ: ಚೆಂಡು ಬಿಡುವ ಮೊದಲು ಯೋಚಿಸುತ್ತಾನೆ.'
ಓದಿದ ಮೇಲೆ ಇನ್ನಷ್ಟು ಯೋಚಿಸಿದೆ.
ಏಪ್ರಿಲ್ ಹೊತ್ತಿಗೆ ಹಾಲಿನ ಡೈರಿಯಲ್ಲಿ ಕ್ರೇಟು ಎತ್ತುತ್ತಿದ್ದೆ,
ಎಡಗೈಯಲ್ಲೇ.
ಇವತ್ತಿಗೂ ಹೆಂಡತಿ ಟೀಯೋ ಕಾಫಿಯೋ ಎಂದು ಕೇಳಿದರೆ
ಆ ಓರೆ ಅಕ್ಷರ, ಆ ನೀಲಿ ಶಾಯಿ ಕಣ್ಣಿಗೆ ಬರುತ್ತದೆ.
ಸಿಟ್ಟು ಅದಕ್ಕಲ್ಲ.
ಆತ ಬರೆದದ್ದು ಸರಿಯಾಗಿತ್ತು.

ರಿಮ್ವಿದಾಸನನ್ನು ಒಂಬತ್ತಕ್ಕೆ ಏರಿಸಿದೆ.
ಒಂಬತ್ತರವನು ಹತ್ತಕ್ಕೆ ಜಾರಿದ,
ಹತ್ತರ ಹುಡುಗ, ನೇದಾಸ್, ಹನ್ನೊಂದಕ್ಕೆ.
ಹತ್ತೊಂಬತ್ತು ವರ್ಷ. ಮೀಸೆ ಇನ್ನೂ ನಿರ್ಧಾರ ಮಾಡಿಲ್ಲ.
ಅವನ ಬಲದ ಮನೆಯಲ್ಲಿ
'ಇನ್ನೂ ಕಾಲವಿದೆ' ಎಂದು ಬರೆದೆ.
ನನಗೂ ಹಾಗೆಯೇ ಹೇಳಿದ್ದರು.

ಜೆನೊವೈತೆ ಹಾಳೆ ನೋಡಲಿಲ್ಲ.
ಒದ್ದೆ ಗಂಟು ಬಿಡಿಸುತ್ತ ಹೇಳಿದಳು:
'ಆ ಚಿಕ್ಕವನ ಕಾಲುಚೀಲ ಮಾತ್ರ
ಯಾವತ್ತೂ ಜೋಡಿ ತಪ್ಪಿ ಬಂದಿಲ್ಲ ನೋಡು.'

ನಾನು ಪೆನ್ನಿನ ಮುಚ್ಚಳ ಹಾಕಿದ್ದೆ.
ತೆಗೆದೆ.